ಮಳಿಗೆ ನಂಬರ್ ಹದಿನಾಲ್ಕು, ಬೈಂಡಿಂಗ್

ಸರಸ್ವತಿಪುರಂ ಕಾಂಪ್ಲೆಕ್ಸ್ ಕೆಡವುವ ಮುಂಚೆ
ನಮ್ಮನ್ನೂ ಒಂದು ಮಾತು ಕೇಳಬೇಕಂತೆ.
ಶಾಮಿಯಾನ, ಬಾದಾಮಿ ಹಾಲು, ಗೋಡೆಗೆ ನಕ್ಷೆ:
ಗಾಜಿನ ನಾಲ್ಕು ಮಹಡಿ, ನೆಲದಡಿ ಕಾರು,
ಬಣ್ಣದ ಮರಗಳ ಕೆಳಗೆ
ನೆರಳಿಲ್ಲದ ಜನ.

ಹಾಸ್ಟೆಲಿನ ಹುಡುಗಿ ಎದ್ದಳು:
‘ಶೌಚಾಲಯ. ಒಳಗಿಂದ ಚಿಲಕ ಬೀಳುವಂಥದ್ದು.’
ಹೂವಿನ ಕೆಂಪಾಜಮ್ಮ: ‘ಮೆಟ್ಟಿಲು ಬಿಟ್ಬಿಡಿ ಸ್ವಾಮಿ,
ಫೇಲಾದ ಮಕ್ಕಳು ಎಲ್ಲಿ ಕೂರ್ತವೆ?’
ನಿವೃತ್ತ ಪ್ರೊಫೆಸರು ಮೈಕು ಬಿಡಲೇ ಇಲ್ಲ.

ಎಲ್ಲವನ್ನೂ ಬರೆದುಕೊಂಡರು.

ನನ್ನ ಸರದಿ.
ಇಪ್ಪತ್ತೆಂಟು ವರ್ಷ ಥೀಸಿಸ್ಸುಗಳಿಗೆ
ರಟ್ಟು ಹಾಕಿದವನು, ಸಾರ್.
ಈ ಹಾಳೆಗಳನ್ನೂ ಕೊಡಿ,
ಕೆಂಪು ರೆಕ್ಸಿನ್, ಚಿನ್ನದ ಅಕ್ಷರ,
ದುಡ್ಡು ಬೇಡ.
ನನ್ನ ಕೈಯ ಹೊಲಿಗೆ
ಒಂದೂ ಬಿಚ್ಚಿಲ್ಲ ಇದುವರೆಗೆ,
ಯಾರಾದರೂ ತೆರೆದರೆ ತಾನೇ.