ಹತ್ತಿಯ ಎಳೆ

ಭಾಂಡುಪ್ ಸ್ಟೇಷನ್ನಿನ ಪಶ್ಚಿಮಕ್ಕೆ, ಬೇಕರಿಯ ಮೇಲ್ಮಹಡಿ.
ಖಾರಿ ಬಿಸ್ಕತ್ತಿನ ವಾಸನೆ ಮೆತ್ತಿಕೊಂಡೇ ಮೆಟ್ಟಿಲೇರುತ್ತಾರೆ
ಕೆರೆದುಕೊಳ್ಳುವವರು, ಮುಚ್ಚಿಕೊಳ್ಳುವವರು,
ಉದುರಿದ ಕೂದಲನ್ನು ಪೊಟ್ಟಣ ಕಟ್ಟಿ ತರುವವರು.
ಬೋರ್ಡಿನಲ್ಲಿ ನಗುವ ಹುಡುಗಿಗೆ ಮೊಡವೆಯೂ ಇಲ್ಲ, ರೋಮವೂ ಇಲ್ಲ.
ಇಸ್ತ್ರಿಯವನ ಮಗು ಒಮ್ಮೆ ಕೇಳಿತ್ತು:
ಇವಳಿಗೆ ಬೆವರು ಎಲ್ಲಿಂದ ಬರುತ್ತೆ?

ಹದಿನಾಲ್ಕು ವರ್ಷದಿಂದ ಇಲ್ಲಿ ಟೋಕನ್ ಕೊಡುವವಳು ನಾನು.
ಚರ್ಮದ ಕಾಯಿಲೆಗಳೆಲ್ಲ ನನಗೆ ಎರಡೆರಡು ಹೆಸರಲ್ಲಿ ಗೊತ್ತು:
ಡಾಕ್ಟರು ಬರೆಯುವುದೊಂದು,
ಬೀದರಿನಲ್ಲಿ ನನ್ನಜ್ಜಿ ಕರೆಯುತ್ತಿದ್ದದ್ದೊಂದು.
ಗಜಕರ್ಣ, ಬಂಗು, ನರೂಲಿ, ಸರ್ಪಸುತ್ತು, ಬೆವರುಸಾಲೆ.
ಒಂದನ್ನು ಮಾತ್ರ ಅಜ್ಜಿ ಬಾಯಿಬಿಟ್ಟು ಹೇಳುತ್ತಿರಲಿಲ್ಲ.
ದೊಡ್ಡ ರೋಗ, ಅಂದು ಸೆರಗು ಎಳೆದುಕೊಳ್ಳುತ್ತಿದ್ದಳು.

ಆ ಶನಿವಾರ ದೇವಾಡಿಗರು ಬಂದರು, ಇಡೀ ಸಂಸಾರ, ಒಂದೇ ಫೈಲು.
ಗುಲಾಬಿಯವರ ಕೆನ್ನೆಗೆ ಬಂಗು, ಎರಡು ಹೆರಿಗೆಯ ಗುರುತು.
ಅತ್ತೆಗೆ ಬೆನ್ನಲ್ಲಿ ತುರಿಕೆ.
ಚಿಕ್ಕವನ ತೊಡೆಸಂದಿನಲ್ಲಿ, ಮೆಡಿಕಲ್ ಅಂಗಡಿಯವನೇ ಕೊಟ್ಟ ಕ್ರೀಮು
ಹುಳುಕಡ್ಡಿಯನ್ನು ಚೆನ್ನಾಗಿ ಸಾಕಿ ಬೆಳೆಸಿತ್ತು.
ಮಗಳ ಸರದಿ ಬಂದಾಗ ತಾಯಿ ದನಿ ತಗ್ಗಿಸಿದರು:
ಸ್ವಲ್ಪ ಬೆಳ್ಳಗಾಪ್ ಹಾಂಗೆ... ಮೇ ತಿಂಗಳಲ್ಲಿ ಗಂಡಿನ ಕಡೆಯವರು...
ಮಗಳು ಮೊಬೈಲಿನಿಂದ ಕಣ್ಣೆತ್ತದೆ, ಮರಾಠಿಯಲ್ಲಿ:
ಅವರಿಗೇ ಬರೆದುಕೊಡಿ ಡಾಕ್ಟರ್, ಕಣ್ಣಿಗೆ ಏನಾದರೂ ಡ್ರಾಪ್ಸು.

ಸಬ್ನಿಸ್ ಮೇಡಮ್ ನಕ್ಕರು.
ಬಂಗಿಗೆ ಬಿಸಿಲು ತಡೆಯುವ ಲೇಪ ಬರೆದರು,
ಹುಡುಗನ ಕ್ರೀಮನ್ನು ನನ್ನ ಕೈಯಿಂದಲೇ ಕಸಕ್ಕೆ ಹಾಕಿಸಿದರು.
ಹುಡುಗಿಗೆ ಮೊಡವೆಗಿಷ್ಟು. ಬಣ್ಣಕ್ಕೇನೂ ಇಲ್ಲ.

ತೇಜಪ್ಪ ದೇವಾಡಿಗರು ಬಂದದ್ದು ಬಿಲ್ಲು ಕೊಡಲಿಕ್ಕೆ ಮಾತ್ರ.
ಇಪ್ಪತ್ತಾರು ವರ್ಷ ದೋಸೆಕಾವಲಿಯ ಮುಂದೆ ನಿಂತ ಮನುಷ್ಯ.
ಪಾಕೀಟು ತೆಗೆಯುವಾಗ ಅಂಗಿಯ ತೋಳು ಸರಿಯಿತು:
ಮುಂಗೈಯಲ್ಲಿ ಬೊಕ್ಕೆಯೆದ್ದ ಸುಟ್ಟಗಾಯ,
ಅದರ ಸುತ್ತ, ಇಡ್ಲಿಯಗಲ, ಮಾಸಿದ ಒಂದು ಮಚ್ಚೆ.
ಇದೇನು?
ಕಾವಲಿ ತಾಗಿದ್ದು. ನೋವಿಲ್ಲ, ಬಿಡಿ.
ಗುಲಾಬಿಯವರಿಗೆ ಹೆಮ್ಮೆ:
ಇವ್ರಿಗೆ ಬಿಸಿ ತಾಗೂದೇ ಇಲ್ಲ.
ಬರಿಗೈಯಲ್ಲಿ ದೋಸೆ ಮಗುಚ್ತ್ರ್. ಗಿರಾಕಿಗಳು ಫೋಟೋ ತೆಗಿತ್ರ್.

ಮೇಡಮ್ ಪೆನ್ನು ಕೆಳಗಿಟ್ಟರು.
ನನ್ನತ್ತ ನೋಡಿದರು. ನಾನು ಹತ್ತಿ ತೆಗೆದೆ.

ಒಂದು ಎಳೆ ಸಾಕು, ಬತ್ತಿ ಹೊಸೆಯುವಾಗ ಗಾಳಿಗೆ ಹಾರುವಷ್ಟು.
ಕಣ್ಣು ಮುಚ್ಚಿ. ತಾಗಿದ ಕೂಡಲೇ ಹೂಂ ಅನ್ನಿ.
ಹಣೆಗೆ: ಹೂಂ.
ಎಡಗೈಗೆ: ಹೂಂ. ಬಲ ಹೆಬ್ಬೆರಳಿಗೆ: ಹೂಂ.
ಮಚ್ಚೆಗೆ:

ಕೆಳಗೆ ಲೋಕಲ್ಲು ಹೊರಟಿತು. ಫ್ಯಾನು ತಿರುಗಿತು.
ಮಚ್ಚೆಗೆ, ಇನ್ನೊಮ್ಮೆ:

ಶುರು ಮಾಡಿ ಮೇಡಮ್,
ಅಂದರು ತೇಜಪ್ಪನವರು, ಕಣ್ಣು ಮುಚ್ಚಿಕೊಂಡೇ, ಬಹಳ ಮರ್ಯಾದೆಯಿಂದ.

ಹುಡುಗಿ ಮೊಬೈಲು ಮಗುಚಿ ಇಟ್ಟಳು.
ಮೇಡಮ್ ಮೆಲ್ಲಗೆ ಹೇಳಿದರು: ಹ್ಯಾನ್ಸನ್ ಇರಬಹುದು, ಪರೀಕ್ಷೆ ಆಗಲಿ,
ಮಾತ್ರೆ ಪಾಲಿಕೆಯ ಆಸ್ಪತ್ರೆಯಲ್ಲಿ ಪುಕ್ಕಟೆ, ಪೂರಾ ವಾಸಿಯಾಗುತ್ತೆ,
ಜೊತೆಗೇ ಉಣ್ಣಿ, ಜೊತೆಗೇ ಮಲಗಿ,
ಆದರೆ ಮನೆಯವರೆಲ್ಲರ ಮೈಯನ್ನೂ ಒಮ್ಮೆ ನೋಡಬೇಕು.
ಬೆಳ್ಳಗೋ ಕಪ್ಪಗೋ ಎಂದಲ್ಲ, ತಾಗುತ್ತೋ ಇಲ್ಲವೋ ಎಂದು.

ಎಂತ ಅಂದ್ರ್? ಮುದುಕಿ ನನ್ನನ್ನು ಕೇಳಿದರು.
ಗುಲಾಬಿಯವರು ಬೇಡ ಎಂಬಂತೆ ಕಣ್ಣು ಮಾಡಿದರು.
ಟೋಕನ್ನಿನ ಡಬ್ಬಿಯ ಮೇಲೆ ಕೈಯಿಟ್ಟು,
ನನ್ನಜ್ಜಿ ಹೇಳದೆ ಹೋದ ಪದವನ್ನು
ನಾನು ಹೇಳಿದೆ. ಕುಷ್ಠ.

ನಾನು ಕಾದೆ, ಸೆರಗು ಸರಿಯುವುದನ್ನು.
ಮುದುಕಿ ಎದ್ದರು. ಬೆನ್ನು ಕೆರೆದುಕೊಂಡರು.
ಮಗನ ಪಕ್ಕ ಕೂತು ಆ ಕೈಯನ್ನು ಮಡಿಲಿಗೆಳೆದುಕೊಂಡು
ಬಿದ್ದು ಬಂದ ಮಗುವಿನ ಮಂಡಿಗೆ ಊದುವಂತೆ
ಊದಿದರು.

ಹತ್ತಿ ತಾಗದ ಜಾಗಕ್ಕೆ
ಉಸಿರು ತಾಗಿರಲಿಕ್ಕಿಲ್ಲ.

ಹೂಂ, ಅಂದರು ತೇಜಪ್ಪ.