ಬಿಗಿ

ಹದಿನೇಳು ಕೋಟಿ ಸಲ ತೆರೆದು ಮುಚ್ಚಿ
ನಿನ್ನೆ ರಾತ್ರಿ ಮೂರನೇ ಎಸಳು ಹರಿಯಿತು.
ಇನ್ನು ಮೂರು ಕೋಟಿ ಬೇಕಿತ್ತು.

ದೇರಳಕಟ್ಟೆಯ ಈ ಲ್ಯಾಬಿನಲ್ಲಿ ಎಲ್ಲರೂ
ನನ್ನ ಮುಖ ನೋಡುತ್ತಾರೆ.
ಮುಖ್ಯಸ್ಥೆ ಎಂದರೆ ಇಷ್ಟೇ:
ಅನುದಾನದ ಕಡತಕ್ಕೆ ಸಹಿ,
ಮಾರ್ಚಿಯೊಳಗೆ ಮುಗಿಸಿ ಎಂಬ ಮಾತು.

ವಾರಿಜಕ್ಕ ಕವಾಟವನ್ನು ಬೆಳಕಿಗೆ ಹಿಡಿದಳು.
ಇಪ್ಪತ್ತು ವರ್ಷ ಬೀಡಿ ಕಟ್ಟಿದ ಬೆರಳು
ಈಗ ಕೂದಲಿಗಿಂತ ತೆಳು ದಾರದಲ್ಲಿ
ಹೃದಯದ ಬಾಗಿಲು ಹೊಲಿಯುತ್ತದೆ.

"ಬಟ್ಟೆಯದ್ದಲ್ಲ ಮೇಡಂ, ಬಿಗಿ ಜಾಸ್ತಿ ಆದದ್ದು.
ನೀವು ಅರ್ಜೆಂಟು ಅಂದ್ರಿ ಅಲ್ವಾ?
ಬೀಡಿಯೂ ಹಾಗೇ, ಬಿಗಿದು ಕಟ್ಟಿದ್ರೆ
ಹೊಗೆ ಬರುದಿಲ್ಲ."

ವರದಿಯಲ್ಲಿ, ಕಾರಣದ ಮುಂದೆ,
ಹುಡುಗ 'ಹೊಲಿಗೆ' ಎಂದು ಬರೆದಿದ್ದ.
ಹೊಡೆದುಹಾಕಿ ನನ್ನ ಹೆಸರು ಬರೆದೆ.

ಎಣಿಕೆ ಸೊನ್ನೆಯಲ್ಲಿ ನಿಂತಿದೆ.
ಸೂಜಿಗೆ ದಾರ ಪೋಣಿಸಿ ಅವಳು ಕೂತಳು.
ಎಷ್ಟು ದಿನ ಬೇಕು,
ಕೇಳಲು ತೆರೆದ ಬಾಯನ್ನು
ಹಾಗೇ ಮುಚ್ಚಿದೆ.