ಹತ್ತೊಂಬತ್ತು ಸೆಕೆಂಡಿನ ಜಾರು

ಆರನೇ ಸೆಮಿಸ್ಟರಿಗೆ ಸ್ವಂತ ರಚನೆಯೊಂದು ಕೊಡಬೇಕು,
ಹನ್ನೆರಡು ನಿಮಿಷ, ವಾದ್ಯ ಯಾವುದಾದರೂ ಸರಿ
ಎಂದಿದ್ದರು ಸಿಂತಿಯಾ ಮೇಡಂ.
ಯಾವುದಾದರೂ ಅಂದರೆ?
ಯಾವುದಾದರೂ.

ಕ್ಲಾಸಿನ ಒಂಬತ್ತು ಜನರಲ್ಲಿ ಐವರು ತುಂಗೆಯನ್ನು ಹಿಡಿದು ತಂದರು,
ಇಬ್ಬರು ಮಳೆ, ಒಬ್ಬ ಸಕ್ರೆಬೈಲಿನ ಆನೆಯ ಉಸಿರು.
ಸೀಗೆಹಟ್ಟಿಯ ತಿರುವಿನಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ ಇದೆ ಎಂದು
ಮೂರು ವರ್ಷ ಯಾರಿಗೂ ಹೇಳಿರಲಿಲ್ಲ ನಾನು.
ಕಾಲೇಜಿಗೆ ಹೊರಡುವಾಗ ಹುಬ್ಬಿನ ಮೇಲಿನ ಬಿಳಿಯನ್ನು
ಎರಡೆರಡು ಸಲ ಒರೆಸಿಕೊಳ್ಳುತ್ತಿದ್ದೆ.

ಮೈಕು ಫರ್ಹಾನನದು, ಅವನಪ್ಪನ ಶಾಮಿಯಾನ ಅಂಗಡಿಯದು,
ಹಲೋ ಚೆಕ್ ಚೆಕ್ ಕೇಳಿಯೇ ಮುದಿಯಾದ ಮೈಕು.
ಮೊದಲ ದಿನ ಸಿಕ್ಕಿದ್ದು ಬರೀ ಸೀನು:
ಮಂಗಳವಾರ, ಮೆಣಸಿನಕಾಯಿಯ ಸರದಿ,
ಸಾಲಿನಲ್ಲಿ ನಿಂತವರೆಲ್ಲ ಒಬ್ಬರಾದ ಮೇಲೊಬ್ಬರು.
ಖಂಡಚಾಪು ಕಣೋ, ಎಂದು ತಾಳ ಹಾಕಿದ ಫರ್ಹಾನ್,
ಆಮೇಲೆ ಅವನೂ ಸೀನಿ ತಾಳ ತಪ್ಪಿದ.
ಅಳಿಸಲಿಲ್ಲ. ನಾಲ್ಕನೇ ನಿಮಿಷದಲ್ಲಿದೆ.

ಮೋಟರಿನ ಗುಂಯ್ ಎಂಬುದಕ್ಕೆ ಶ್ರುತಿ ಹುಡುಕಿದೆ.
ಐದು ಮನೆಗಿಂತ ಚೂರು ಮೇಲೆ, ಐದೂವರೆಗೆ ಇನ್ನೂ ಕೆಳಗೆ,
ಪೆಟ್ಟಿಗೆಯ ಯಾವ ಗುಂಡಿ ಒತ್ತಿದರೂ ಸಿಗದ ಮನೆ.
ನಾನು ಹುಟ್ಟಿ ಬೆಳೆದದ್ದು ಅಲ್ಲೇ.
ಶ್ರುತಿ ಬಿಡ್ತೀಯ, ಶ್ರುತಿ ಬಿಡ್ತೀಯ ಎಂದು
ಏಳು ವರ್ಷ ಬೈಸಿಕೊಂಡೆನಲ್ಲ,
ಬಿಟ್ಟಿರಲಿಲ್ಲ, ಗುರುಗಳೇ,
ಬೇರೆ ಮನೆ ಹಿಡಿದಿದ್ದೆ.

ಸ್ವರಲಿಪಿಗೆ ಆಯಿಯ ಲೆಕ್ಕದ ಪುಸ್ತಕ:
ಕಡುಬಿನ ತರಿ ಎರಡು ಸೇರು.
ರಾಗಿ ಐದು ಕಿಲೋ, ಜರಡಿ ಬೇಡ.
ರೊಟ್ಟಿ ಹಿಟ್ಟು, ಟೀಚರ್ ಮನೆ, ನುಣ್ಣಗೆ, ಬಾಕಿ.
ತರಿ ಎಂದಲ್ಲಿ ಕಲ್ಲಿನ ನಡೆ ಒರಟು,
ನುಣ್ಣಗೆ ಎಂದಲ್ಲಿ ಬೆಲ್ಟು ಮೂಗಿನಲ್ಲಿ ಹಾಡುತ್ತದೆ,
ಬಾಕಿ ಎಂದಲ್ಲೆಲ್ಲ
ಮೌನ ಬರೆದೆ.

ಕೊನೆ ಮಾತ್ರ ನನ್ನದಲ್ಲ, ಕರೆಂಟಿನವರದು.
ಕರೆಂಟು ಹೋದರೆ ಗಿರಣಿ ನಿಲ್ಲುವುದಿಲ್ಲ, ಇಳಿಯುತ್ತದೆ:
ಹತ್ತೊಂಬತ್ತು ಸೆಕೆಂಡು, ಮೆಟ್ಟಿಲೇ ಇಲ್ಲದ ಜಾರು,
ತಳದಲ್ಲಿ ಬೆಲ್ಟಿನ ಹೊಲಿಗೆಯೊಂದೇ, ಟಪ್, ಟಪ್,
ಟ
ಆಮೇಲೆ ಯಾರೋ ಡಬ್ಬಿಗೆ ಉಗುರಿನಲ್ಲಿ ಕುಟ್ಟುವುದು.
ಅದಕ್ಕಾಗಿ ಎರಡು ವಾರ ಕಾದೆವು.
ಊರಿಗೆಲ್ಲ ಕರೆಂಟು ಬರೋ ಚಿಂತೆ,
ನಿಂಗೆ ಹೋಗೋ ಚಿಂತೆ, ಎಂದಳು ಆಯಿ.

ಪರೀಕ್ಷೆಗೆ ಧಾರವಾಡದಿಂದ ಬಂದವರು
ಹನ್ನೆರಡೂ ನಿಮಿಷ ಕಣ್ಣು ಮುಚ್ಚಿ ಕೇಳಿದರು, ಅದೇ ದೊಡ್ಡದು.
"ಛಲೋ ಐತಿ. ಆದ್ರ ಇದರಾಗ ಸಾ ಎಲ್ಲೈತಿ?"
ನಾನು ನೆಲ ನೋಡಿದೆ.
"ಇನ್ನೊಮ್ಮೆ ಹಚ್ಚು."

ಆಯಿ ಕೊನೆಯ ಬೆಂಚಿನಲ್ಲಿದ್ದಳು.
ಇಪ್ಪತ್ತೆರಡು ವರ್ಷ ಕಲ್ಲಿನ ಪಕ್ಕ ನಿಂತು
ಎಡಗಿವಿ ಪೂರ್ತಿ, ಬಲಗಿವಿ ಮುಕ್ಕಾಲು ಹೋಗಿದೆ.
ಸುಮ್ಮನೆ ಸೀರೆ ಉಟ್ಟು ಬಂದಿದ್ದಾಳೆ ಎಂದುಕೊಂಡಿದ್ದೆ.
ಅವಳು ಎದ್ದು ಬಂದು, ಯಾರನ್ನೂ ಕೇಳದೆ,
ಹಿಟ್ಟು ಬಿಸಿಯಾಯಿತೇ ಎಂದು ನೋಡುವ ಹಾಗೆ
ಸ್ಪೀಕರಿಗೆ ಅಂಗೈ ಒತ್ತಿದಳು.
"ಇದು ದೋಸೆ ಅಕ್ಕಿ," ಎಂದಳು, ಕಿವುಡರ ಜೋರಿನಲ್ಲಿ,
"ಇದು ರಾಗಿ, ಇನ್ನೂ ತೇವ ಇದೆ.
ಇಲ್ಲಿ ನೋಡು, ಇಲ್ಲಿ, ಕಲ್ಲು ಸವೆದಿದೆ ಮಗಾ,
ಕುಟ್ಟಿಸಬೇಕು ಅಂತ ಮೊನ್ನೆಯಿಂದ ಅಂದ್ಕೊತಿದ್ದೆ."
ಧಾರವಾಡದವರು ಕಣ್ಣು ತೆರೆದರು.
ಏನೋ ಬರೆದುಕೊಂಡರು.

ಅರವತ್ತೊಂದು ಬಂತು.
ಗುರುವಾರ ಕಲ್ಲಿಗೆ ಉಳಿ ಹೊಡೆಸಿದೆವು,
ಬೆಲ್ಟನ್ನೂ ಬಿಗಿ ಮಾಡಿಸಿದಳು ಆಯಿ.
ಮೋಟರಿನ ಮನೆ ಅದೇ, ಕಲ್ಲಿನ ಗಂಟಲು ಬೇರೆ;
ಪೆನ್‌ಡ್ರೈವಿನಲ್ಲಿ ಉಳಿದದ್ದು ಈಗ ಎಲ್ಲೂ ಇಲ್ಲದ ಗಿರಣಿ.
ಟೀಚರ್ ಮನೆಯವರು ಚಿಟಿಕೆ ಹಿಟ್ಟು ತಿಕ್ಕಿ ನೋಡಿ
ಈ ಸಲ ಎಷ್ಟು ನಯ, ಅಂದರು.
ಬಾಕಿ ಕೊಡಲಿಲ್ಲ.